ಯಾರ ಕೈಯ ಕೆಲಸ?

ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತ ನೆಲೆಸಿರುವ ನಮ್ಮಂಥವರ ಮನೆಗಳಲ್ಲಿ ಬಿದರಿಯ ಒಂದು ಹೂದಾನಿಯೋ ಪುಟ್ಟ ಡಬ್ಬಿಯೋ ಇದ್ದೇ ಇರುತ್ತದೆ. ಮದುವೆಗೆ ಬಂದದ್ದು ಕೆಲವು, ಕಂಪೆನಿಯ ಉಡುಗೊರೆಯಾಗಿ ಬಂದದ್ದು ಕೆಲವು. ಅದು ಅಸಲಿಯೇ ಎಂದರೆ ನಾವು ಮುಖ ಮುಖ ನೋಡಿಕೊಳ್ಳುತ್ತೇವೆ. ಮಾಡಿದವರು ಯಾರು ಎಂದಂತೂ ನಾವು ಕೇಳಿದ್ದೇ ಇಲ್ಲ.

ಇಂಥ ಗೊಂದಲಕ್ಕೆ ನಮ್ಮ ನಡುವಿನ ಸಾಫ್ಟ್‌ವೇರ್ ಗೆಳೆಯರು ಸೂಚಿಸುವ ಮದ್ದು ಬ್ಲಾಕ್‌ಚೈನ್. ಕಲಾಕೃತಿಯ ಚಿತ್ರ, ಅಳತೆ, ಕರ್ತೃ, ಕೈ ಬದಲಾದ ದಿನ, ಇವನ್ನೆಲ್ಲ ದಾಖಲಿಸಿ, ಆ ದಾಖಲೆಯಿಂದ ಹೆಬ್ಬೆರಳ ಗುರುತಿನಂಥ ಒಂದು ಸಂಕೇತವನ್ನು ಲೆಕ್ಕ ಹಾಕಿ, ಹಲವು ಕಂಪ್ಯೂಟರುಗಳಲ್ಲಿ ಪ್ರತಿಯಿರುವ ಖಾತೆಪುಸ್ತಕಕ್ಕೆ ಸೇರಿಸುತ್ತಾರೆ. ಮುಂದೆ ದಾಖಲೆಯ ಒಂದಕ್ಷರ ತಿದ್ದಿದರೂ ಗುರುತು ತಾಳೆಯಾಗದು. 2018ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಎಬ್ಸ್‌ವರ್ತ್ ಸಂಗ್ರಹದ ಚಿತ್ರಗಳ ಮಾರಾಟವನ್ನು ಹೀಗೆಯೇ ದಾಖಲಿಸಲಾಯಿತು. ತಂತ್ರ ಒಳ್ಳೆಯದೇ, ನಮಗೆ ಅದರೊಂದಿಗೆ ಜಗಳವಿಲ್ಲ.

ಆದರೆ ಈ ಪುಸ್ತಕ ಬರೆದದ್ದನ್ನು ಕಾಯುತ್ತದೆಯೇ ಹೊರತು, ಬರೆದದ್ದು ನಿಜವೇ ಎಂದು ಕೇಳುವುದಿಲ್ಲ. 2009ರ ಜನವರಿಯಲ್ಲಿ ಹಿರಿಯ ಕಲಾವಿದ ಎಸ್.ಎಚ್. ರಝಾ ದೆಹಲಿಯಲ್ಲಿ ತಮ್ಮದೇ ಚಿತ್ರಗಳ ಪ್ರದರ್ಶನಕ್ಕೆ ಅತಿಥಿಯಾಗಿ ಹೋದರು. ಗೋಡೆಯ ಮೇಲಿದ್ದ ಕೃತಿಗಳನ್ನು ಕಂಡು, ಇವು ನನ್ನವಲ್ಲ ಎಂದರು. ಆ ಚಿತ್ರಗಳು ಮೊದಲೇ ಬ್ಲಾಕ್‌ಚೈನಿನಲ್ಲಿ ನೋಂದಣಿಯಾಗಿದ್ದರೆ? ಸುಳ್ಳೂ ಅಳಿಸಲಾಗದ ದಾಖಲೆಯಾಗುತ್ತಿತ್ತು! ಹೂದಾನಿಗೆ ಅಂಟಿಸಿದ ಚೀಟಿಯನ್ನು ಕಿತ್ತು ಇನ್ನೊಂದಕ್ಕೆ ಅಂಟಿಸಿದರೂ ಖಾತೆಪುಸ್ತಕಕ್ಕೆ ತಿಳಿಯುವುದಿಲ್ಲ.

ಬಿದರಿಯ ಅಸಲಿತನ ಇರುವುದು ಕೆಲಸದಲ್ಲಿ. ಹೆಚ್ಚು ಸತು, ತುಸು ತಾಮ್ರ ಬೆರೆಸಿ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಮೇಲ್ಮೈಯನ್ನು ನಯಗೊಳಿಸಿ, ಉಳಿಯಿಂದ ಬಳ್ಳಿ, ಹೂಗಳನ್ನು ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕುದಿಸಿ ಪಾತ್ರೆಯನ್ನು ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ತಕ್ಕ ಮಣ್ಣು ಯಾವುದೆಂದು ಕುಶಲಕರ್ಮಿಗಳು ನಾಲಿಗೆಗೆ ತಾಕಿಸಿ ಹೇಳುತ್ತಾರೆ. ಆ ನಾಲಿಗೆಯ ಜ್ಞಾನವನ್ನು ಯಾವ ಸಂಕೇತದಲ್ಲಿ ಬರೆಯೋಣ?

ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅದರಿಂದ ಊರಿನ ಹೆಸರಿಗೆ ರಕ್ಷಣೆ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಾಗ ಒಬ್ಬ ಹಿರಿಯ ಕುಶಲಕರ್ಮಿಯ ಹೆಸರು ದೇಶಕ್ಕೆ ತಿಳಿಯಿತು. ಆದರೆ ಒಂದು ಪಾತ್ರೆ ಹಲವು ಕೈಗಳನ್ನು ದಾಟಿ ಬರುತ್ತದೆ. ಎರಕದವನು, ಕೆತ್ತುವವನು, ಬೆಳ್ಳಿ ಕೂರಿಸುವವನು, ಉಜ್ಜಿ ಹೊಳಪು ಕೊಡುವವನು, ಇವರ ಹೆಸರು ನಮ್ಮ ಮನೆಯ ಕಪಾಟಿನವರೆಗೆ ಬರುವುದೇ ಇಲ್ಲ.

ಹೊಸ ಪ್ರಮಾಣಪತ್ರ ಬರುವುದಾದರೆ ಬರಲಿ. ಅದರ ಮೊದಲ ಸಾಲನ್ನು ಬರೆಯುವವರು ಯಾರು ಎಂಬುದು ಮಾತ್ರ ಮೊದಲೇ ಇತ್ಯರ್ಥವಾಗಲಿ. ಸಗಟಾಗಿ ಕೊಂಡ ವ್ಯಾಪಾರಿ ವೈಟ್‌ಫೀಲ್ಡಿನ ಕಚೇರಿಯಲ್ಲಿ ಕುಳಿತು ನೋಂದಾಯಿಸಿದರೆ ಅಲ್ಲಿ ಉಳಿಯುವುದು ಒಡೆಯನ ಹೆಸರು. ಬೀದರಿನ ಕಾರ್ಖಾನೆಯಲ್ಲಿ, ಕೆಲಸ ಮುಗಿದ ದಿನವೇ, ದುಡಿದ ಅಷ್ಟೂ ಜನರ ಹೆಸರು ಮತ್ತು ಅವರಿಗೆ ಸಂದ ಕೂಲಿಯೊಂದಿಗೆ ಬರೆದರೆ ಅದು ಕೆಲಸದ ದಾಖಲೆ. ಅಸಲಿ ಎಂಬ ಮುದ್ರೆಯಿಂದ ಬೆಲೆ ಏರಿದಾಗ ಆ ಏರಿಕೆಯಲ್ಲಿ ಪಾಲು ಕೇಳಲು ಅವರಿಗೆ ಅದೊಂದು ಆಧಾರವಾದೀತು.

ಕೊಳ್ಳುವವರು ನಾವು. ಅಂಗಡಿಯಲ್ಲಿ ಅಸಲಿಯೇ ಎಂದು ಕೇಳುವಾಗ, ಇದು ಯಾರ ಕೈಯ ಕೆಲಸ ಎಂದೂ ಕೇಳೋಣ.