ಯಾರ ಪೈಕಿ ಅಂತ ಕೇಳಲಿಲ್ಲ

ಜೂನ್ 3, ಮಂಗಳವಾರ

ನಿಮ್ಹಾನ್ಸ್ ವಾರ್ಡಿನಿಂದ ಮನೆಗೆ ಬಂದೆ. ಹೊರಡುವಾಗ ಡಾಕ್ಟರಮ್ಮ, "ಸಂಜೆ ಆರರಿಂದ ಒಂಬತ್ತರವರೆಗೆ ಏನ್ ಮಾಡ್ತೀರಿ?" ಅಂದರು. ಉತ್ತರ ಹೊಳೆಯಲಿಲ್ಲ. ಮಂಡಿಯಲ್ಲಿ ಲೆಕ್ಕ ಬರೆದು ಮುಗಿಸಿದ ಮೇಲೆ ಆ ಹೊತ್ತಿಗೆ ನನಗಿದ್ದದ್ದು ಒಂದೇ ಉದ್ಯೋಗ. ಮಾತ್ರೆ ಚೀಟಿಯ ಹಿಂದೆ 'ಎಎ ಮೀಟಿಂಗ್' ಅಂತ ಬರೆದುಕೊಟ್ಟರು. ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರ ಕೂಟ.

ಪಕ್ಕದ ಹಾಸಿಗೆಯವರು ಮನೆಯಲ್ಲೇ ಹಟ ಹಿಡಿದು ಒಮ್ಮೆಲೇ ನಿಲ್ಲಿಸಿದವರು. ಎರಡನೇ ದಿನ ಫಿಟ್ಸ್, ಆಮೇಲೆ ಎದುರಿಗಿಲ್ಲದ ಜನರ ಜೊತೆ ಮಾತು. ವರ್ಷಗಟ್ಟಲೆ ದಿನಾ ಕುಡಿದ ಮೈ ಹಾಗೆ ಬಿಟ್ಟರೆ ಜೀವಕ್ಕೇ ಅಪಾಯ, ಡಾಕ್ಟರ ಕಣ್ಣೆದುರೇ ಬಿಡಬೇಕು. ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು ಅನ್ನುವ ನೆಂಟರನ್ನೆಲ್ಲ ಒಂದು ರಾತ್ರಿ ಆ ವಾರ್ಡಿನಲ್ಲಿ ಕೂರಿಸಬೇಕು.

ಜೂನ್ 5, ಗುರುವಾರ

ಊರಿಂದ ಭಾವನ ಫೋನು. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಬಂದುಬಿಡಿ ಅಂತ. ತಳ್ಳಿಹಾಕುವ ಮಾತಲ್ಲ. ಚಿಕ್ಕಪ್ಪನ ಮಗ ಬಿಟ್ಟದ್ದು ಅಂಥ ಶಿಬಿರದಲ್ಲೇ. ಸಮುದಾಯ ಭವನದಲ್ಲಿ ವಾರವಿಡೀ ಇಟ್ಟುಕೊಂಡು, ಹೆಂಡತಿ ಮಕ್ಕಳನ್ನೂ ಕರೆಸಿ, ಊರೆದುರೇ ಕಳಿಸಿಕೊಟ್ಟರು. ಆಮೇಲೆ ವಾರ ವಾರ ನವಜೀವನ ಸಮಿತಿಯ ಸಭೆ. ಅವನಿಗೆ ಇಡೀ ಊರೇ ಕಾವಲು. ವೈನ್ ಸ್ಟೋರ್ ಹತ್ತಿರ ಸುಳಿದರೆ ಅವನಿಗಿಂತ ಮೊದಲು ಸುದ್ದಿ ಮನೆ ಸೇರುತ್ತೆ. ನನಗೆ ಆ ಕಣ್ಣುಗಳೇ ಬೇಡ. ಯಶವಂತಪುರದ ಯಾರ್ಡಿನಲ್ಲಿ ಸಾಹುಕಾರರಿಂದ ಹಮಾಲಿಗಳವರೆಗೆ ಎಲ್ಲರಿಗೂ ನನ್ನ ಕಥೆ ಬಾಯಿಪಾಠ. ಮತ್ತೊಂದು ವೇದಿಕೆ ಯಾಕೆ?

ಜೂನ್ 6, ಶುಕ್ರವಾರ

ವಾರ್ಡಿನ ಗೋಡೆಯಿಂದ ಗುರುತು ಹಾಕಿಕೊಂಡಿದ್ದ ಎಎ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು, "ಹೆಸರು ಆಮೇಲೆ ಸಾರ್, ಏರಿಯಾ ಹೇಳಿ" ಅಂದರು. ಯಾವ ದಿನ ಎಲ್ಲಿ, ಕನ್ನಡದ್ದೋ ತಮಿಳಿನದೋ ಇಂಗ್ಲಿಷಿನದೋ, ಎಲ್ಲ ಓದಿ ಹೇಳಿದರು. ಓಪನ್ ಅಂದರೆ ಮನೆಯವರೂ ಬರಬಹುದು. ಕ್ಲೋಸ್ಡ್ ಅಂದರೆ ನಾವು ನಾವೇ. ಆ 'ನಾವು'ವಿನಲ್ಲಿ ನನ್ನನ್ನು ಆಗಲೇ ಸೇರಿಸಿಕೊಂಡುಬಿಟ್ಟಿದ್ದರು.

ಮೀಟಿಂಗ್ ಇರುವುದು ನಾಳೆ. ಜಾಗ ನೋಡಿಕೊಂಡು ಬರೋಣ ಅಂತ ಸಂಜೆಯೇ ಹೋದೆ. ಬಾರಿಗಾದರೆ ಮೈಲಿ ದೂರದಿಂದ ಕಾಣುವ ದೀಪದ ಬೋರ್ಡು. ಇದಕ್ಕೆ ಒಂದು ಬಾಣದ ಗುರುತೂ ಇಲ್ಲ. ಚರ್ಚಿನ ಹಿಂದಿನ ಶಾಲೆಯ ಸುತ್ತ ಸುಮ್ಮನೆ ತಿರುಗುತ್ತಿದ್ದೆ. ವಾಚ್‌ಮನ್ ನನ್ನ ಮುಖ ನೋಡಿ, ಕೇಳುವ ಮೊದಲೇ "ನಾಳೆ ಆರೂವರೆಗೆ, ಮೆಟ್ಟಿಲ ಪಕ್ಕದ ಕ್ಲಾಸು" ಅಂದ. ನನ್ನಂಥವರನ್ನು ಎಷ್ಟು ಜನರನ್ನು ನೋಡಿದ್ದಾನೋ.

ಜೂನ್ 7, ಶನಿವಾರ

ಮಕ್ಕಳ ಬೆಂಚು, ಮಂಡಿ ಹಿಡಿಸಲ್ಲ. ಇಸ್ತ್ರಿ ಷರಟಿನವರು, ಆಟೊ ಓಡಿಸುವವರು, ಕಾಲೇಜು ಬಿಟ್ಟಂತಿದ್ದ ಒಬ್ಬ ಹುಡುಗ. ನಮ್ಮಲ್ಲಿ ಹೊಸಬ ಬಂದು ಕೂತರೆ ಯಾವೂರು, ಯಾರ ಮಗ, ಯಾರ ಪೈಕಿ ಅಂತ ಕೇಳುತ್ತಾ ಕೇಳುತ್ತಾ ಕೊನೆಗೆ ಜಾತಿ ತಿಳಿದುಕೊಂಡೇ ಕಾಫಿ ಕೊಡೋದು. ಇಲ್ಲಿ ಹೆಸರಿಗೊಂದು ಹೆಸರು, ಅಷ್ಟೆ. ನನ್ನ ಕೆಲಸ ಕೂಡ ಕೇಳಲಿಲ್ಲ. ಸೇರಲು ಷರತ್ತು ಒಂದೇ, ಕುಡಿತ ಬಿಡುವ ಆಸೆ ಇರಬೇಕು. ಬಿಟ್ಟಿರಲೇಬೇಕು ಅಂತಲೂ ಇಲ್ಲ.

ಒಬ್ಬರು ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕಲ್ಲ, ಬುದ್ಧಿ ಹೇಳಲ್ಲ. ಕನ್ನಡದವರು ಒಂದೂವರೆ ಗಂಟೆ ಯಾರಿಗೂ ಬುದ್ಧಿ ಹೇಳದೆ ಕೂತದ್ದನ್ನು ಇವತ್ತೇ ನೋಡಿದ್ದು. ಕೇಳಿದ್ದನ್ನು ಇಲ್ಲಿ ಬರೆಯಲ್ಲ; ಅದು ಅವರ ಸ್ವತ್ತು. ದೇವರ ಮಾತು ಬಂದಾಗ ಸ್ವಲ್ಪ ಹಿಂಜರಿದೆ. ಟೀ ಕುಡಿಯುವಾಗ ಪಕ್ಕದವರು, "ನಿಮಗೆ ತಿಳಿದ ದೇವರು ಸಾರ್, ನನಗೆ ಈ ರೂಮೇ ದೇವರು" ಅಂದರು. ಜೋಳಿಗೆ ಬಂತು, ಹೊಸಬರು ಹಾಕಬೇಡಿ ಅಂದರು. ಹೊರಗಿನವರು ಚೆಕ್ ಬರೆದುಕೊಟ್ಟರೂ ತಗೊಳ್ಳಲ್ಲವಂತೆ. ಬಾಡಿಗೆ, ಟೀ ಎಲ್ಲ ಆ ಜೋಳಿಗೆಯಿಂದಲೇ.

ಜೂನ್ 10, ಮಂಗಳವಾರ

ಇವತ್ತು ಎಎ ಹುಟ್ಟಿದ ದಿನವಂತೆ. ಹಳಬರೊಬ್ಬರು ಕಥೆ ಹೇಳಿದರು. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಊರು. ನ್ಯೂಯಾರ್ಕಿನ ಬಿಲ್ ಅನ್ನುವವನ ವ್ಯವಹಾರ ಮುರಿದುಬಿದ್ದಿದೆ. ಕುಡಿತ ಬಿಟ್ಟು ಕೆಲವು ತಿಂಗಳಾಗಿದೆ. ಹೋಟೆಲಿನ ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಅವನು ಫೋನಿನ ಕಡೆ ನಡೆದು, ಅಲ್ಲಿದ್ದ ಚರ್ಚುಗಳ ಪಟ್ಟಿ ಹಿಡಿದು, ಮಾತಾಡಲು ಇನ್ನೊಬ್ಬ ಕುಡುಕ ಸಿಗುತ್ತಾನಾ ಅಂತ ವಿಚಾರಿಸಿದ. ಸಿಕ್ಕಿದವನು ಡಾಕ್ಟರ್ ಬಾಬ್, ಸರ್ಜನ್. ಹದಿನೈದೇ ನಿಮಿಷ ಅಂತ ಹೆಂಡತಿಗೆ ಹೇಳಿ ಬಂದವನು ರಾತ್ರಿ ಹನ್ನೊಂದು ದಾಟುವವರೆಗೂ ಕೂತ. ಬಾಬ್ ಕೊನೆಯ ಸಲ ಕುಡಿದದ್ದು ಜೂನ್ 10ರಂದು. ಆ ದಿನವನ್ನೇ ಹುಟ್ಟುಹಬ್ಬ ಅಂತ ಎಣಿಸೋದು. ನಮ್ಮ ದೇಶಕ್ಕೆ ಬಂದದ್ದು 1957ರಲ್ಲಿ, ಬೊಂಬಾಯಿಗೆ.

ನನಗೆ ಹಿಡಿಸಿದ್ದು ಬಿಲ್ ಹುಡುಕಿದ್ದು ಯಾರನ್ನು ಅನ್ನೋದು. ಡಾಕ್ಟರನ್ನಲ್ಲ, ಪಾದ್ರಿಯನ್ನಲ್ಲ, ತನ್ನಂಥವನನ್ನು.

ಜೂನ್ 13, ಶುಕ್ರವಾರ

"ನಿಮಗೊಂದು ಗುಂಪು ಸಿಕ್ತು. ಇಷ್ಟು ವರ್ಷ ಬಾಗಿಲಲ್ಲಿ ಕಾದವಳಿಗೆ?" ಅಂದಿದ್ದಳು ಹೆಂಡತಿ. ಅಲ್-ಅನಾನ್ ಅಂತ ಮನೆಯವರದ್ದೇ ಬೇರೆ ಗುಂಪಿದೆ. ಬಿಲ್‌ನ ಹೆಂಡತಿ ಲೋಯಿಸ್ 1951ರಲ್ಲಿ ಗೆಳತಿಯ ಜೊತೆ ಕಟ್ಟಿದ್ದು. ವಿಳಾಸ ಕೊಟ್ಟೆ, ನಿನ್ನೆ ಒಬ್ಬಳೇ ಹೋಗಿ ಬಂದಳು. ಕಣ್ಣು ಕೆಂಪಗಿತ್ತು, ಆದರೂ ಹಸಿವು ಅಂತ ಎರಡು ಮುದ್ದೆ ಉಂಡಳು. ಏನು ಮಾತಾಡಿದಿರಿ ಅಂದೆ.

"ಅಲ್ಲಿದ್ದು ಅಲ್ಲಿಗೇ. ನೀವೇ ಹೇಳಿದ್ದು ತಾನೆ?" ಅಂದಳು.

ನನ್ನ ಬಗ್ಗೆ ಏನೇನು ಹೇಳಿದಳೋ ಅನ್ನೋ ಕುತೂಹಲ ರಾತ್ರಿಯಿಡೀ. ಇವತ್ತೂ ಬಾಯಿ ಬಿಟ್ಟಿಲ್ಲ. ನಾಳೆ ಬೆಂಚು ಜೋಡಿಸಲು ಅರ್ಧ ಗಂಟೆ ಮೊದಲೇ ಬನ್ನಿ ಅಂದಿದ್ದಾರೆ. ಮಂಡಿಯಿಂದ ಐದಕ್ಕೇ ಹೊರಡಬೇಕು.