ಏರಿನಲ್ಲಿ ಇಳಿಯುವ ಸವಾರಿ

ಬಯಲುಸೀಮೆಯವರಿಗೆ ಸೈಕಲ್ಲೆಂದರೆ ಹತ್ತಿ ಕೂಡುವ ವಾಹನ. ನಮ್ಮ ಮಲೆನಾಡಿನವರಿಗೆ ಅದು ಅರ್ಧ ದಾರಿ ಹತ್ತಿ ಕೂಡುವ, ಉಳಿದರ್ಧ ದಾರಿ ತಳ್ಳಿಕೊಂಡು ಹೋಗುವ ವಾಹನ. ಚಿಕ್ಕಮಗಳೂರಿನಿಂದ ಮೂಡಿಗೆರೆಯ ಮೇಲೆ ಕಳಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತೇನೆಂದು ನಾನು ಸಾರಿದಾಗ ಕಾಲೇಜಿನ ಸಹೋದ್ಯೋಗಿಯೊಬ್ಬರು, "ಹೋಗಿ ಸಾರ್. ಆದರೆ ಸವಾರಿ ಯಾರದು, ನಿಮ್ಮದೋ ಸೈಕಲ್ಲಿನದೋ?" ಎಂದು ಕೇಳಿದರು. ನಲವತ್ತಾರು ದಾಟಿದ, ನಿಂತು ಪಾಠ ಹೇಳಿ ಕೂತು ಪೇಪರು ತಿದ್ದಿ ಹೊಟ್ಟೆ ಬೆಳೆಸಿದವನಿಗೆ ಈ ಪ್ರಶ್ನೆ ಅನ್ಯಾಯವಾದದ್ದೇನೂ ಅಲ್ಲ.

ಸೈಕಲ್ಲು ನನ್ನದಲ್ಲ, ನನ್ನ ತಂದೆಯವರದು. ಕಪ್ಪು ಬಣ್ಣ, ಎತ್ತರದ ಚಕ್ರ, ಸರಳಿನ ಬ್ರೇಕು. ಗೇರು ಎಂಬುದು ಅದರ ವಂಶದಲ್ಲೇ ಇಲ್ಲ. ಅವರು ತೀರಿಕೊಂಡ ಮೇಲೆ ಎರಡು ವರ್ಷ ಅದು ಹಿತ್ತಿಲ ಗೋಡೆಗೆ ಒರಗಿ ನಿಂತಿತ್ತು. ಒಂದು ದಿನ ಗುಜರಿಯವನು ಬಂದು ಮುನ್ನೂರು ರೂಪಾಯಿ ಎಂದ. ಬೆಲೆ ಕೇಳುವವರೆಗೂ ಕೊಡುವ ಮನಸ್ಸಿದ್ದ ನನಗೆ, ಕೇಳಿದ ಮೇಲೆ ಯಾಕೋ ಅವಮಾನವಾದಂತಾಯಿತು. ರಿಪೇರಿಗೆ ಒಯ್ದೆ. ಅಂಗಡಿಯ ಹುಡುಗ ಎಲ್ಲವನ್ನೂ ಬದಲಿಸಿ, ಕ್ಯಾರಿಯರಿಗೆ ಸುತ್ತಿದ್ದ ಹಳೆಯ ಟ್ಯೂಬಿನ ಪಟ್ಟಿಯನ್ನು ಬಿಚ್ಚಿ ಎಸೆಯಹೋದ. ಅದೊಂದು ಇರಲಿ ಎಂದೆ.

ಏಪ್ರಿಲ್ ಮೊದಲ ವಾರದ ಒಂದು ಶನಿವಾರ ನಸುಕಿನಲ್ಲೇ ಹೊರಟೆ. ಅರಬ್ ದೇಶದಿಂದ ಏಳು ಕಾಫಿ ಬೀಜ ತಂದರೆಂದು ಐತಿಹ್ಯ ಹೇಳುವ ಬಾಬಾಬುಡನ್ನರ ಗಿರಿಶ್ರೇಣಿ ಬೆನ್ನ ಹಿಂದೆ ಉಳಿಯಿತು. ಮೂಡಿಗೆರೆಗೆ ಸುಮಾರು 30 ಕಿಲೋಮೀಟರು. ವಾರದ ಹಿಂದೆ ಹೂಮಳೆ ಬಿದ್ದಿತ್ತು. ಬಿಸಿಲಿಗೆ ಬಾಡಿ ನಿಂತ ಕಾಫಿ ಗಿಡ ಇಂಥ ಒಂದು ಮಳೆಗಾಗಿ ಕಾದಿದ್ದು, ನೆನೆದ ಎಂಟು ಹತ್ತು ದಿನಕ್ಕೆ ಮೊಗ್ಗನ್ನೆಲ್ಲ ಒಟ್ಟಿಗೆ ಬಿರಿಯುತ್ತದೆ. ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಅದು ಬರಿಯ ಬಿಳುಪು. ಸೈಕಲ್ಲಿನವನಿಗೆ ಮಲ್ಲಿಗೆಯನ್ನು ಹೋಲುವ ಆ ಪರಿಮಳ ಒಂದೊಂದು ತಿರುವಿನಲ್ಲೂ ಎದುರು ಬಂದು ಮಾತಾಡಿಸುತ್ತದೆ. ಅರೇಬಿಕಾ ತನ್ನ ಹೂವಿನ ಪರಾಗದಲ್ಲೇ ಕಾಯಿ ಕಚ್ಚುವ ಸ್ವಾವಲಂಬಿ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಅದಕ್ಕಾಗಿ ಗಾಳಿ ಬೀಸಬೇಕು, ಜೇನು ಓಡಾಡಬೇಕು. ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ನಿಂತು ಆ ಝೇಂಕಾರವನ್ನು ಕೇಳಿದೆ. ನಿಜ ಹೇಳಬೇಕೆಂದರೆ ದಮ್ಮು ಕಟ್ಟಿತ್ತು, ಅದಕ್ಕೇ ನಿಂತದ್ದು.

ಮೂಡಿಗೆರೆಯಲ್ಲಿ ಮಿತ್ರರ ಮನೆಯಲ್ಲಿ ರಾತ್ರಿ ಕಳೆದು ಮರುದಿನ ಕೊಟ್ಟಿಗೆಹಾರ ಮುಟ್ಟಿದೆ. ಇಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಚಾರ್ಮಾಡಿ ಘಾಟಿ. 2019ರ ಆಗಸ್ಟಿನ ಮಳೆಯಲ್ಲಿ ಗುಡ್ಡಗಳು ಜರಿದು ಸಂಚಾರವೇ ನಿಂತುಹೋಗಿದ್ದ ದಾರಿ ಅದು. ಕಾಲು ಮುಟ್ಟದಿದ್ದರೂ ಸೈಕಲ್ಲು ಕರಾವಳಿಗೆ ಇಳಿದೀತು ಎಂಬ ಆಸೆಯೇನೋ ಹುಟ್ಟಿತು. "ತಿರುಗಿ ತಳ್ಳಿಕೊಂಡು ಬರಬಲ್ಲಷ್ಟೇ ದೂರ ಇಳಿಯಬೇಕು" ಎಂದು ತಂದೆಯವರು ಹೇಳುತ್ತಿದ್ದುದು ನೆನಪಾಗಿ, ಒಂದು ಲೋಟ ಕಾಫಿ ಕುಡಿದು ಕಳಸದ ದಾರಿಯನ್ನೇ ಹಿಡಿದೆ.

ಭೂಗೋಳವನ್ನು ಪುಸ್ತಕದಲ್ಲಿ ಓದಿದ್ದೆ. ಕಾಲಿನಿಂದ ಓದಿದ್ದು ಅಂದೇ. ಘಾಟಿಯ ಕಡೆ ಬಿದ್ದ ಮಳೆ ನೇತ್ರಾವತಿಯನ್ನು ಸೇರಿ ಮಂಗಳೂರಿನ ಬಳಿ ಪಶ್ಚಿಮ ಸಮುದ್ರಕ್ಕೆ ಹೋಗುತ್ತದೆ. ಜಾವಳಿಯ ಬಳಿ ಹುಟ್ಟುವ ಹೇಮಾವತಿ ಕಾವೇರಿಯ ಪಾಲು. ಕಳಸದ ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ ಕೊನೆಗೆ ಕೃಷ್ಣೆಯ ಪಾಲು. ಅರ್ಧ ದಿನದ ಸವಾರಿಯೊಳಗೆ ಮೂರು ನೀರಿನ ದಾರಿ! ತೊಡೆಗಳು ನೋಯತೊಡಗಿದರೆ ನೀರು ಬೇರೆಯಾಗುವ ದಿಣ್ಣೆ ಹತ್ತಿರ ಬಂತೆಂದು ತಿಳಿಯಬೇಕು.

ಅಂಥದೊಂದು ಏರಿನಲ್ಲಿ ಇಳಿದು ತಳ್ಳುತ್ತಿದ್ದಾಗ ಸೌದೆ ಹೊರೆ ಹೊತ್ತ ಅಜ್ಜಿಯೊಬ್ಬಳು ಜೊತೆಯಾದಳು.

"ಪಂಚರ್ರಾ ಅಯ್ಯಾ?"

"ಅಲ್ಲ ಅಜ್ಜಿ, ಏರು."

"ಹಂಗಾರೆ ಇದನ್ನ ಇಟ್ಕಳಿ" ಎಂದು, ಒಪ್ಪಿಗೆಗೂ ಕಾಯದೆ ಹೊರೆಯನ್ನು ಕ್ಯಾರಿಯರಿನ ಮೇಲೆ ಹೇರಿದಳು. "ಮುಂಚೆ ಇಲ್ಲಿ ಒಬ್ರು ಮೇಷ್ಟ್ರು ಹೋಗ್ತಿದ್ರು. ಏರು ಬಂತೂಂದ್ರೆ ಯಾರದಾದ್ರೂ ಹೊರೆ ಇಸ್ಕಂಡೇ ತಳ್ಳೋರು. ಮಗ ಮೂಡಿಗೇರೇಲಿ ದೊಡ್ ಓದು ಓದ್ತಾನೆ ಅಂತ ದಾರೀವುದ್ದಕ್ಕೂ ಅದೇ ಮಾತು."

ನಾನು ಉತ್ತರ ಕೊಡಲಿಲ್ಲ. ಕಾರಣ ಹೇಳಿಬಿಡುತ್ತೇನೆ. ನಾನು ಮೂಡಿಗೆರೆಯಲ್ಲಿ ಪಿಯುಸಿ ಓದುವಾಗ ತಂದೆಯವರು ಜಾವಳಿಯಾಚೆಯ ಹಳ್ಳಿಯೊಂದರಲ್ಲಿ ಶಾಲಾ ಮಾಸ್ತರರು. ಒಂದು ಭಾನುವಾರ, ಸುರಿಯುವ ಮಳೆಯಲ್ಲಿ, ಕಂಬಳಿಕೊಪ್ಪೆ ಹಾಕಿಕೊಂಡು, ಕ್ಯಾರಿಯರಿಗೆ ಅಕ್ಕಿಯ ಚೀಲ ಕಟ್ಟಿಕೊಂಡು ಹಾಸ್ಟೆಲ್ಲಿಗೆ ಬಂದರು. ಜಗಲಿಯಲ್ಲಿ ತೋಟದ ಸಾಹುಕಾರರ ಮಕ್ಕಳು ನಿಂತಿದ್ದರು, ಜೀಪಿನಲ್ಲಿ ಬಂದು ಹೋಗುವವರು. "ಯಾರೋ ಅದು?" ಎಂದು ಒಬ್ಬ ಕೇಳಿದ. "ನಮ್ಮೂರಿನವರು" ಎಂದೆ.

ಟ್ಯೂಬಿನ ಪಟ್ಟಿ ಬಿಚ್ಚುತ್ತಿದ್ದ ಅವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಚೀಲವನ್ನು ಜಗಲಿಯ ಮೇಲಿಟ್ಟು, "ನಿಮ್ಮ ತಂದೆಯವರು ಕೊಟ್ಟುಕಳಿಸಿದಾರೆ, ತಗೋಳಪ್ಪ" ಎಂದು, ಪಟ್ಟಿಯನ್ನು ಮತ್ತೆ ಕ್ಯಾರಿಯರಿಗೆ ಸುತ್ತಿ ಹೊರಟುಹೋದರು. ಆ ಮಾತನ್ನು ಮುಂದೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅನಂತರ ಅಕ್ಕಿ ಬಸ್ಸಿನಲ್ಲಿ ಬರುತ್ತಿತ್ತು. ಒಂದು ಕಡೆಗೇ ಮೂವತ್ತು ಕಿಲೋಮೀಟರಿಗೂ ಮಿಕ್ಕ ಆ ದಾರಿ ಎಂಥದೆಂಬುದು ನನಗೆ ಗೊತ್ತಾದದ್ದು ಈಗ, ಹೊರೆಯೊಂದನ್ನು ಇಟ್ಟುಕೊಂಡು ತಳ್ಳುವಾಗ.

ಏರಿನ ನೆತ್ತಿಯವರೆಗೂ ಬಾಯಿ ಬರಲಿಲ್ಲ. ಸುಮ್ಮನಿದ್ದರೆ ಅದೇ ತಪ್ಪನ್ನು ಎರಡನೆಯ ಸಲ ಮಾಡಿದಂತೆ. ಕೊನೆಗೆ, "ಆ ಮೇಷ್ಟ್ರ ಮಗ ನಾನೇ ಅಜ್ಜಿ" ಎಂದೆ.

ಅಜ್ಜಿ ನಿಂತು ನನ್ನನ್ನೂ ಸೈಕಲ್ಲನ್ನೂ ನೋಡಿದಳು. ಅವಳು ಕಣ್ಣೊರೆಸಿಕೊಳ್ಳುತ್ತಾಳೆಂದು ಎಣಿಸಿದ್ದೆ. ಅಂಥದ್ದೇನೂ ಆಗಲಿಲ್ಲ. "ಹೌದಾ? ಮೇಷ್ಟ್ರು ಹೊರೇನ ಇಲ್ಲಿಗೇ ಬಿಡ್ತಿರ್ಲಿಲ್ಲ, ಮನೆ ಬಾಗ್ಲ ತನಕ ಬರೋರು" ಎಂದಳು. ನಾನೂ ಬಾಗಿಲ ತನಕ ಹೋದೆ. ಬೆಲ್ಲದ ಕಾಫಿ ಕೊಟ್ಟಳು. ತಂದೆಯವರು ತೀರಿಕೊಂಡದ್ದನ್ನು ಹೇಳಿದಾಗ, "ಒಳ್ಳೇ ಕಾಲಿತ್ತು ಅವರ್ದು" ಎಂದಷ್ಟೇ ಹೇಳಿ ಲೋಟ ತೊಳೆಯಲು ಹೋದಳು.

ಕಳಸ ತಲುಪಿದಾಗ ಬೈಗು. ಭದ್ರೆಯಲ್ಲಿ ನೀರು ಕಡಿಮೆಯಿತ್ತು. ಜೋರು ಮಳೆಗೆ ಮುಳುಗುವುದಕ್ಕೇ ಹೆಸರಾದ ಹೆಬ್ಬಾಳೆ ಸೇತುವೆಯೂ ಈ ದಿನಗಳಲ್ಲಿ ಸಾಧುವಾಗಿ ಬಿಸಿಲು ಕಾಯಿಸಿಕೊಳ್ಳುತ್ತಿರುತ್ತದೆ. ಮನೆಯಿಂದ ಫೋನು ಬಂತು. "ಎಷ್ಟು ಗಂಟೆಯ ದಾರಿಯಾಯಿತು ಅಪ್ಪಾ?" ಎಂದು ಮಗಳು ಕೇಳಿದಳು. ಲೆಕ್ಕ ಹಾಕಿದೆ; ಸರಿಯಾಗಿ ಹೊಂದಲಿಲ್ಲ.

ಬರುವ ತಿಂಗಳು ಮತ್ತೊಮ್ಮೆ ಹೊರಡಬೇಕೆಂದಿದ್ದೇನೆ, ಆ ಏರಿಗೆಂದು ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಂಡು. ಟ್ಯೂಬಿನ ಪಟ್ಟಿ ಇನ್ನೂ ಗಟ್ಟಿಯಾಗಿದೆ.