ಅಗ್ಗದ ಪ್ಲೇಯರ್, ಅಜ್ಜಿಯ ಹಾಡು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಅನೇಕ ಮನೆಗಳ ಕಪಾಟಿನಲ್ಲಿ, ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡುಗಳ ನಡುವೆ, ಮದುವೆಯ ವಿ.ಸಿ.ಡಿ. ಇದ್ದೇ ಇರುತ್ತದೆ. 2000ದ ನಂತರದ ವರ್ಷಗಳಲ್ಲಿ ವಿಡಿಯೊ ತೆಗೆದವರು ಕಪ್ಪು ಕ್ಯಾಸೆಟ್ಟಿನ ಬದಲು ಹೊಳೆಯುವ ಎರಡು ತಟ್ಟೆ ಕೊಡತೊಡಗಿದ್ದರು. ತಟ್ಟೆಗಳು ಉಳಿದಿವೆ, ಅವನ್ನು ಓದುವ ಯಂತ್ರ ಮೂಲೆ ಸೇರಿದೆ. ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಈ ಕಾಲದಲ್ಲೂ ‘ಕಡಿಮೆ ಬೆಲೆಯ ಪ್ಲೇಯರ್ ಯಾವುದು ಒಳ್ಳೆಯದು?’ ಎಂದು ಕೇಳುವವರು ಇರುವುದು ಅದಕ್ಕೇ.

ದಾಂಡೇಲಿಯ ಒಬ್ಬ ಆಟೊ ಚಾಲಕರ ಮಗಳು ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿನಿ. ಅಪ್ಪ ಅಮ್ಮನ ಮದುವೆ 2005ರಲ್ಲಿ ಜೋಯಿಡಾ ಕಡೆಯ ಹಳ್ಳಿಯಲ್ಲಿ ಆದದ್ದು. ಆ ವಿ.ಸಿ.ಡಿ.ಯಲ್ಲಿ ಅಮ್ಮನ ತಾಯಿ ಸೋಬಾನೆ ಹಾಡಿದ್ದಾರೆ. ಹುಡುಗಿಗೆ ನಾಲ್ಕು ವರ್ಷವಿದ್ದಾಗ ಅಜ್ಜಿ ತೀರಿಕೊಂಡರು. ಮುಖಕ್ಕೆ ಫೋಟೊ ಇದೆ, ದನಿ ಇರುವುದು ಆ ತಟ್ಟೆಯಲ್ಲಿ ಮಾತ್ರ. ಹಳೆಯ ಪ್ಲೇಯರ್ ಕೆಟ್ಟು ಎಷ್ಟೋ ವರ್ಷವಾಗಿತ್ತು. ಎರಡು ಸಾವಿರದೊಳಗೆ ಏನಾದರೂ ಸಿಕ್ಕೀತೆಂದು ಅಪ್ಪ ಮಗಳು ಹುಬ್ಬಳ್ಳಿಗೆ ಹೋದರು.

ಅಂಗಡಿಯವರು ಮೊದಲು ತೋರಿಸಿದ್ದು ಸೆಕೆಂಡ್ ಹ್ಯಾಂಡ್ ಯಂತ್ರ. ದೊಡ್ಡ ಹೆಸರು, ಮುಂದೆಲ್ಲ ದೀಪಗಳು. ಸಿನಿಮಾ ಡಿ.ವಿ.ಡಿ. ಹಾಕಿದರೆ ಚಿತ್ರ ಕನ್ನಡಿಯಂತೆ ಬಂತು. ಅಪ್ಪ ಜೇಬಿಗೆ ಕೈ ಹಾಕಿದರು. ಮಗಳು ಚೀಲದಿಂದ ಮದುವೆ ಸಿ.ಡಿ. ತೆಗೆದು, ‘ಇದನ್ನ ಹಾಕಿ ತೋರಿಸ್ರಿ’ ಅಂದಳು. ಯಂತ್ರ ಗುರ್ ಎಂದು ತಿರುಗಿ ‘ಡಿಸ್ಕ್ ಇಲ್ಲ’ ಎಂದು ಬರೆದು ಸುಮ್ಮನಾಯಿತು.

‘ನಿಮ್ಮ ಸೀಡಿನ ಕೆಟ್ಟೈತ್ರಿ’ ಅಂದರು ಅಂಗಡಿಯವರು.

ಹುಡುಗಿ ಎರಡೂ ತಟ್ಟೆಗಳನ್ನು ಮಗುಚಿ ನೋಡಿದಳು. ಸಿನಿಮಾ ತಟ್ಟೆ ಅಚ್ಚ ಬೆಳ್ಳಿಯ ಬಣ್ಣ, ಮದುವೆಯದು ತುಸು ಹಸಿರು. ಗುಟ್ಟು ಅಲ್ಲಿದೆ. ಕಾರ್ಖಾನೆಯ ತಟ್ಟೆಯಲ್ಲಿ ಕಣ್ಣಿಗೆ ಕಾಣದ ಗುಳಿಗಳನ್ನು ಪ್ಲಾಸ್ಟಿಕ್ಕಿಗೆ ಅಚ್ಚೊತ್ತಿರುತ್ತಾರೆ. ಸ್ಟುಡಿಯೊದಲ್ಲಿ ‘ಬರ್ನ್’ ಮಾಡಿದ ತಟ್ಟೆಯಲ್ಲಿ ಇರುವುದು ಬಣ್ಣದ ತೆಳು ಪದರ. ಲೇಸರ್ ಅದರಲ್ಲಿ ಚುಕ್ಕೆ ಚುಕ್ಕೆ ಸುಟ್ಟು ಬರೆದಿರುತ್ತದೆ. ಸಿ.ಡಿ.ಯ ಲೇಸರ್ 780 ನ್ಯಾನೊಮೀಟರಿನದು, ಡಿ.ವಿ.ಡಿ.ಯದು 650. ಬರ್ನ್ ಮಾಡಿದ ಸಿ.ಡಿ.ಯ ಬಣ್ಣ 780ಕ್ಕೆ ಹೊಂದುವಂಥದ್ದು, 650ರ ಬೆಳಕನ್ನು ಅದು ಸರಿಯಾಗಿ ಮರಳಿಸುವುದಿಲ್ಲ. ಮೊದಮೊದಲ ಕೆಲವು ಡಿ.ವಿ.ಡಿ. ಪ್ಲೇಯರುಗಳಲ್ಲಿ ಒಂದೇ ಲೇಸರ್ ಇತ್ತು, ಆಮೇಲಿನವುಗಳಲ್ಲಿ ಎರಡು. ಆ ದೀಪದ ಯಂತ್ರ ಮೊದಲ ಜಾತಿಯದಿರಬೇಕು, ಇಲ್ಲವೆ ಅದರ ಸಿ.ಡಿ. ಲೇಸರ್ ಮಾತ್ರ ಸತ್ತಿರಬೇಕು. ಕೊಳ್ಳುವವರಿಗೆ ಎರಡೂ ಒಂದೇ.

ಪಕ್ಕದಲ್ಲಿದ್ದ, ಹೆಸರು ಕೇಳದ ಸಣ್ಣ ಪ್ಲೇಯರ್ ಅದೇ ತಟ್ಟೆಯನ್ನು ತಕರಾರಿಲ್ಲದೆ ಓದಿತು. ಬೆಲೆಯೂ ಕಡಿಮೆ. ಮನೆಯ ತಟ್ಟೆ ಒಯ್ಯದೆ ಪ್ಲೇಯರ್ ಕೊಳ್ಳುವುದೆಂದರೆ ಕಾಲಿನ ಅಳತೆ ಕೊಡದೆ ಚಪ್ಪಲಿ ತರಿಸಿದಂತೆ.

ಚಿತ್ರ ಇನ್ನೂ ಚೆನ್ನಾಗಿ ಬರಲೆಂದು ಹೆಚ್ಚು ಹಣ ಸುರಿಯುವುದು ದಂಡ. ವಿ.ಸಿ.ಡಿ.ಯ ಮಾನದಂಡ 1993ರದು. ನಮ್ಮ ಪಾಲ್ ಪದ್ಧತಿಯಲ್ಲಿ ಅದರ ಚಿತ್ರ 352 ಅಡ್ಡ, 288 ಉದ್ದ ಚುಕ್ಕೆಗಳದು, ಡಿ.ವಿ.ಡಿ.ಯದು 720ಕ್ಕೆ 576. ಮಕ್ಕಳು ಗುಣಿಸಿ ನೋಡಲಿ, ನಾಲ್ಕು ಪಟ್ಟು ವ್ಯತ್ಯಾಸ. ಇಲ್ಲದ ಚುಕ್ಕೆಯನ್ನು ಯಾವ ಪ್ಲೇಯರೂ ಹುಟ್ಟಿಸಲಾರದು. ಟಿ.ವಿ.ಯ ಬೆನ್ನಿನಲ್ಲಿ ಹಳದಿ-ಬಿಳಿ-ಕೆಂಪು ತೂತುಗಳಿವೆಯೋ, ಬರೀ ಎಚ್.ಡಿ.ಎಂ.ಐ. ಇದೆಯೋ ಎಂದು ಹೊರಡುವ ಮೊದಲೇ ನೋಡಿಕೊಳ್ಳಬೇಕು. ಹೊರದೇಶದಲ್ಲಿ ನೆಂಟರಿರುವವರಿಗೆ, ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಅಂಥ ಮನೆಗಳಿದ್ದರೆ ಅವರಿಗೂ, ಇನ್ನೊಂದು ಮಾತು: ಸಿನಿಮಾ ಡಿ.ವಿ.ಡಿ.ಗಳಿಗೆ ಪ್ರದೇಶದ ಸಂಖ್ಯೆ ಇರುತ್ತದೆ. ಭಾರತಕ್ಕೆ 5, ಅಮೆರಿಕಕ್ಕೆ 1. ಎಲ್ಲ ಸಂಖ್ಯೆಯನ್ನೂ ಒಪ್ಪುವ ಪ್ಲೇಯರ್ ಕೇಳಿ ಪಡೆಯಬೇಕು.

ರಾತ್ರಿ ಮನೆಯಲ್ಲಿ ಮೊದಲ ತಟ್ಟೆ ಹಾಕಿದರು. ಅರಿಶಿನದ ಶಾಸ್ತ್ರದ ಹೊತ್ತಿಗೆ ಅಜ್ಜಿಯ ದನಿ ಬಂತು, ಸ್ವಲ್ಪ ಒಡಕು, ಆದರೆ ಗಟ್ಟಿ. ‘ನಿನ್ನ ದನಿನ ಐತೆಲ್ಲ’ ಎಂದು ಮಗಳು ಅಮ್ಮನ ಕಡೆ ತಿರುಗಿದಳು. ಅಮ್ಮ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಎರಡನೆಯ ತಟ್ಟೆ ಕೊನೆಯ ಹತ್ತು ನಿಮಿಷಕ್ಕೆ ಬಂದು ನಿಂತಿತು. ಹೆಣ್ಣು ಒಪ್ಪಿಸುವ ಹೊತ್ತು ಅದು. ಸಿ.ಡಿ. ಒಳಗಿನಿಂದ ಹೊರಗೆ ಓದುತ್ತಾ ಹೋಗುತ್ತದೆ. ಕೈಬೆರಳು, ಗೀರು ಹೆಚ್ಚು ತಾಗುವುದು ಹೊರ ಅಂಚಿಗೆ. ಅಪ್ಪ ಬನಿಯನ್ ಬಟ್ಟೆಯಿಂದ ಗುಂಡಗೆ ಉಜ್ಜಲು ಹೊರಟರು. ಮಗಳು ತಡೆದಳು. ತಟ್ಟೆಯ ಸಾಲು ಸುರುಳಿಯಾಗಿ ಸುತ್ತಿರುತ್ತದೆ. ಅದಕ್ಕೆ ಅಡ್ಡ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ನುಂಗುತ್ತದೆ, ಆ ಕೊರತೆಯನ್ನು ಪ್ಲೇಯರ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸಾಲಿನುದ್ದಕ್ಕೇ ಬಿದ್ದ ಗೀರಿಗೆ ಆ ಲೆಕ್ಕ ಸಾಲದು. ಆದ್ದರಿಂದ ಒರೆಸುವುದು ನಡುವಿನಿಂದ ಅಂಚಿಗೆ, ಸೈಕಲ್ ಚಕ್ರದ ಕಡ್ಡಿಗಳಂತೆ. ಹಾಗೆ ಒರೆಸಿದ ಮೇಲೆ ಆರು ನಿಮಿಷ ಸಿಕ್ಕಿತು. ನಾಲ್ಕು ಸಿಗಲಿಲ್ಲ.

ಆ ಬಣ್ಣದ ಪದರ ಬಿಸಿಲು, ಸೆಕೆಗೆ ಮಾಸುತ್ತದೆ. ಪ್ಲೇಯರ್ ತಂದರೆ ಕೆಲಸ ಮುಗಿಯಲಿಲ್ಲ. ನಕಲು ಮಾಡಲು ಡಿಸ್ಕ್ ಡ್ರೈವ್ ಇರುವ ಕಂಪ್ಯೂಟರ್ ಬೇಕು. ವಿ.ಸಿ.ಡಿ.ಯೊಳಗೆ ‘ಡ್ಯಾಟ್’ ಎಂದು ಕೊನೆಗೊಳ್ಳುವ ದೊಡ್ಡ ಕಡತವೇ ವಿಡಿಯೊ. ಹಳಿಯಾಳದ ಒಂದು ಸ್ಟುಡಿಯೊದಲ್ಲಿ ಹಳೆಯ ಕಂಪ್ಯೂಟರ್ ಉಳಿದಿತ್ತು. ಅಲ್ಲಿ ಎರಡು ಪೆನ್‌ಡ್ರೈವಿಗೆ ನಕಲಾಯಿತು. ಒಂದು ಮನೆಗೆ, ಒಂದು ಜೋಯಿಡಾದ ಸೋದರಮಾವನಿಗೆ.

ಮಾವ ಮೂಲ ತಟ್ಟೆಯನ್ನೂ ಕೇಳಿದ. ಅದನ್ನು ಮಾತ್ರ ಹುಡುಗಿಯ ಅಮ್ಮ ಕೊಡಲಿಲ್ಲ.